ನಟ್ಟಿಗೆ ತಲುಪುವುದೆಷ್ಟು? ಮನೆಯ ಕಾರು ಕೆಲಸಕ್ಕೆ ಕಾರ್ಡ್‌ಲೆಸ್ ಇಂಪ್ಯಾಕ್ಟ್ ರೆಂಚ್ ಆರಿಸುವ ಬಗೆ

ಟೈರು ಪಂಕ್ಚರ್ ಆಗಿದೆ. ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿದ್ದಾಯಿತು, ಕಾರಿನ ಜೊತೆ ಬಂದ ಎಲ್ ಆಕಾರದ ಪಾನಾವನ್ನು ನಟ್ಟಿಗೆ ಸಿಕ್ಕಿಸಿದ್ದಾಯಿತು. ಎರಡೂ ಕೈಗಳ ಬಲ ಹಾಕಿ ಒತ್ತಿದರೂ ನಟ್ಟು ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ಕೊನೆಗೆ ಹಿಡಿಕೆಯ ಮೇಲೆ ಕಾಲಿಟ್ಟು ಮೈಭಾರವನ್ನೆಲ್ಲ ಹಾಕಿದಾಗ ‘ಕಟ್’ ಎಂಬ ಸದ್ದು. ನಟ್ಟು ಸಡಿಲವಾಯಿತೋ, ನಟ್ಟು ಕೂತಿರುವ ತಿರುಪಿನ ಕಡ್ಡಿ, ಅಂದರೆ ಸ್ಟಡ್, ಮುರಿಯಿತೋ ಎಂದು ಎದೆ ಧಸಕ್ಕೆನ್ನುತ್ತದೆ. ಈ ಸದ್ದನ್ನು ಒಮ್ಮೆ ಕೇಳಿದವರು, ಬ್ಯಾಟರಿಯಿಂದ ಓಡಿ ನಟ್ಟನ್ನು ಬಡಿದು ತಿರುಗಿಸುವ ಇಂಪ್ಯಾಕ್ಟ್ ರೆಂಚ್ ಕೊಳ್ಳುವ ಯೋಚನೆ ಮಾಡುವುದು ಸಹಜ. ನಾನೂ ಹಾಗೆಯೇ ಶುರುಮಾಡಿದೆ.

ಕೊಳ್ಳಲು ಹೊರಟಾಗ ಮೊದಲು ಕಣ್ಣಿಗೆ ಬೀಳುವುದು ಪೆಟ್ಟಿಗೆಯ ಮೇಲಿನ ದಪ್ಪ ಅಂಕಿ. ಒಂದರ ಮೇಲೆ 300 ನ್ಯೂಟನ್ ಮೀಟರ್, ಇನ್ನೊಂದರ ಮೇಲೆ 700, ಮತ್ತೊಂದರ ಮೇಲೆ 1,400. ಅಂಕಿ ದೊಡ್ಡದಾದಷ್ಟೂ ಯಂತ್ರ ಒಳ್ಳೆಯದು ಎಂದುಕೊಳ್ಳುವುದು ಸುಲಭ. ಆದರೆ ಆ ಅಂಕಿ ಹೇಳುವುದು ಕಂಪನಿಯ ಪರೀಕ್ಷೆಯ ಮೇಜಿನ ಮೇಲೆ ಯಂತ್ರ ಕೊಟ್ಟದ್ದನ್ನು. ನಮಗೆ ಬೇಕಿರುವುದು ನಮ್ಮ ಕಾರಿನ ತುಕ್ಕು ಹಿಡಿದ ನಟ್ಟಿಗೆ ಎಷ್ಟು ತಲುಪುತ್ತದೆ ಎಂಬ ಲೆಕ್ಕ. ಬ್ಯಾಟರಿಯಿಂದ ನಟ್ಟಿನವರೆಗಿನ ದಾರಿಯಲ್ಲಿ ಬಲ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು ಗೊತ್ತಾದರೆ, ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಟಾರ್ಕ್ ಎಂದರೇನು ಎಂಬುದನ್ನು ನೋಡಿಬಿಡೋಣ. ತಿರುಗಿಸುವ ಬಲವೇ ಟಾರ್ಕ್, ಪೆಟ್ಟಿಗೆಯ ಮೇಲಿನ ನ್ಯೂಟನ್ ಮೀಟರ್ ಅದರ ಅಳತೆ. ಎಷ್ಟು ಬಲ ಹಾಕಿದಿರಿ, ಎಷ್ಟು ದೂರದಿಂದ ಹಾಕಿದಿರಿ ಎಂಬ ಎರಡರ ಗುಣಲಬ್ಧ ಅದು. 25 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ 40 ಕಿಲೋ ಭಾರ ಹಾಕಿದರೆ ನಟ್ಟಿನ ಮೇಲೆ ಬೀಳುವುದು ಸುಮಾರು 98 ನ್ಯೂಟನ್ ಮೀಟರ್. ಹೆಚ್ಚಿನ ಕಾರುಗಳ ಚಕ್ರದ ನಟ್ಟಿಗೆ ತಯಾರಕರು ಹೇಳುವ ಬಿಗಿತ 80ರಿಂದ 140ರ ನಡುವೆ ಇರುತ್ತದೆ. ಅಂದರೆ ಸರಿಯಾಗಿ ಬಿಗಿದ ನಟ್ಟನ್ನು ಒಬ್ಬ ಸಾಮಾನ್ಯ ಮನುಷ್ಯ ಆ ಸಣ್ಣ ಪಾನಾದಿಂದಲೇ ಬಿಚ್ಚಬಹುದು. ಬಿಚ್ಚಲು ಆಗುತ್ತಿಲ್ಲ ಎಂದರೆ ಒಂದೋ ತುಕ್ಕು ಕಚ್ಚಿಕೊಂಡಿದೆ, ಇಲ್ಲವೇ ಹಿಂದಿನ ಸಲ ಯಾರೋ ಅತಿಯಾಗಿ ಬಿಗಿದಿದ್ದಾರೆ. ಈ ಎರಡನೆಯ ಕಾರಣವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಒಳಗೊಂದು ಸುತ್ತಿಗೆ

ಇಂಪ್ಯಾಕ್ಟ್ ರೆಂಚ್ ಬರಿಯ ಬಲವಾದ ಡ್ರಿಲ್ ಎಂದು ಅನೇಕರು ಭಾವಿಸುತ್ತಾರೆ. ಅದು ಹಾಗಿರಲು ಸಾಧ್ಯವೇ ಇಲ್ಲ. ಒಂದು ಮೋಟಾರು 500 ನ್ಯೂಟನ್ ಮೀಟರ್ ಬಲದಿಂದ ನಟ್ಟನ್ನು ಒಂದೇ ಸಮನೆ ತಿರುಗಿಸುತ್ತಿದೆ ಎಂದುಕೊಳ್ಳಿ. ಅಷ್ಟೇ ಬಲ ತಿರುಗಿ ಯಂತ್ರದ ಮೇಲೂ ಬೀಳುತ್ತದೆ. ಹಿಡಿಕೆ 20 ಸೆಂಟಿಮೀಟರ್ ದೂರದಲ್ಲಿದ್ದರೆ ನಿಮ್ಮ ಕೈ ತಡೆದುಕೊಳ್ಳಬೇಕಾದ ಭಾರ ಸುಮಾರು 250 ಕಿಲೋ. ನಟ್ಟು ತಿರುಗುವ ಬದಲು ನಿಮ್ಮ ಮಣಿಕಟ್ಟೇ ತಿರುಚಿಹೋಗುತ್ತದೆ.

ಹಾಗಾಗಿ ಈ ಯಂತ್ರ ಹಿಡಿದಿರುವುದು ಕಮ್ಮಾರನ ದಾರಿ. ಬಿಡಿಸಿ ನೋಡಿದರೆ ಮುಂಭಾಗದಲ್ಲಿ ಒಂದು ಭಾರವಾದ ಉಕ್ಕಿನ ಗಾಲಿ ಕಾಣುತ್ತದೆ. ಅದೇ ಸುತ್ತಿಗೆ. ಅದರ ಮುಖದ ಮೇಲೆ ಎದುರುಬದುರಾಗಿ ಎರಡು ಉಬ್ಬುಗಳಿವೆ. ಅದರ ಮುಂದೆ ಎರಡು ತೋಳುಗಳಿರುವ ಅಡಿಗಲ್ಲು, ಅಂದರೆ ಸುತ್ತಿಗೆಯ ಪೆಟ್ಟು ತಿನ್ನುವ ಭಾಗ. ಅಡಿಗಲ್ಲಿನ ಹೊರತುದಿಯೇ ನಾವು ಸಾಕೆಟ್, ಅಂದರೆ ನಟ್ಟನ್ನು ಹಿಡಿಯುವ ಬಟ್ಟಲು, ಸಿಕ್ಕಿಸುವ ಚೌಕ. ಸುತ್ತಿಗೆಯ ಬೆನ್ನಿಗೆ ಗಟ್ಟಿಯಾದ ಸ್ಪ್ರಿಂಗ್ ಇದೆ. ಸುತ್ತಿಗೆ ಕೂತಿರುವ ದಂಡದ ಮೇಲೆ ‘ವಿ’ ಆಕಾರದ ತೋಡುಗಳನ್ನು ಕೊರೆದು, ಅವುಗಳಲ್ಲಿ ಉಕ್ಕಿನ ಗುಂಡುಗಳನ್ನು ಇಟ್ಟಿರುತ್ತಾರೆ.

ನಟ್ಟು ಸಡಿಲವಾಗಿ ತಿರುಗುವವರೆಗೆ ಸುತ್ತಿಗೆ, ಅಡಿಗಲ್ಲು ಎರಡೂ ಒಟ್ಟಿಗೆ ತಿರುಗುತ್ತವೆ. ನಟ್ಟು ಬಿಗಿಯಾಗಿ ಅಡಿಗಲ್ಲು ನಿಂತ ಕೂಡಲೇ ಆಟ ಬದಲಾಗುತ್ತದೆ. ಮೋಟಾರು ದಂಡವನ್ನು ತಿರುಗಿಸುತ್ತಲೇ ಇರುವುದರಿಂದ ಗುಂಡುಗಳು ತೋಡಿನಲ್ಲಿ ಜಾರಿ ಸುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತವೆ, ಸ್ಪ್ರಿಂಗ್ ಕುಗ್ಗುತ್ತದೆ. ಉಬ್ಬುಗಳು ಅಡಿಗಲ್ಲಿನ ತೋಳುಗಳನ್ನು ದಾಟಿದ ಕ್ಷಣ ಸ್ಪ್ರಿಂಗ್ ಸುತ್ತಿಗೆಯನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಅರ್ಧ ಸುತ್ತು ವೇಗ ಪಡೆದು ಬಂದ ಉಬ್ಬುಗಳು ತೋಳುಗಳಿಗೆ ಅಡ್ಡಲಾಗಿ ಬಡಿಯುತ್ತವೆ. ಪ್ರತಿ ಸುತ್ತಿನಲ್ಲೂ ಎರಡು ಪೆಟ್ಟು. ನಿಮಿಷಕ್ಕೆ 1,500 ಸುತ್ತಾದರೆ 3,000 ಪೆಟ್ಟು, ಸೆಕೆಂಡಿಗೆ 50. ಯಂತ್ರ ಗರ್ ಎನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ಟರಟರ ಎಂದು ಬಡಿಯತೊಡಗುವುದು ಈ ಕ್ಷಣದಲ್ಲೇ.

ಪ್ರತಿ ಪೆಟ್ಟೂ ಸೆಕೆಂಡಿನ ಅತಿಸಣ್ಣ ಭಾಗದಲ್ಲಿ ಮುಗಿಯುತ್ತದೆ. ಪೆಟ್ಟಿನ ಬಲ ಉಕ್ಕಿನಿಂದ ಉಕ್ಕಿಗೆ ದಾಟಿಹೋಗುತ್ತದೆ, ಕೈಗೆ ಉಳಿಯುವುದು ನಡುಕ ಮಾತ್ರ. ಈ ಬಡಿತಕ್ಕೆ ಇನ್ನೊಂದು ಗುಣವೂ ಇದೆ: ಥ್ರೆಡ್‌ಗಳ ನಡುವೆ ಗಟ್ಟಿಯಾಗಿ ಕೂತ ತುಕ್ಕಿನ ಪದರವನ್ನು ಅದು ಬಿರಿಸುತ್ತದೆ. ಉದ್ದ ಹಿಡಿಕೆಯಿಂದ ಮೆಲ್ಲಗೆ ಎಳೆದರೆ ಮುರಿದೇಹೋಗಬಹುದಾದ ಹಳೆಯ ಬೋಲ್ಟು, ಪೆಟ್ಟು ತಿಂದು ಸಡಿಲವಾಗಿ ಹೊರಬರುವುದುಂಟು.

ದಾರಿಯಲ್ಲಿ ಸೋರುವ ಬಲ

ಪೆಟ್ಟಿನ ಮೇಲೆ ನಿಂತಿರುವ ಯಂತ್ರ ಇದು ಎಂದು ಗೊತ್ತಾದ ಮೇಲೆ ಉಳಿದದ್ದು ಸುಲಭ. ಪೆಟ್ಟನ್ನು ಮೆತ್ತಗಾಗಿಸುವ ಪ್ರತಿಯೊಂದು ವಸ್ತುವೂ ಟಾರ್ಕನ್ನು ತಿನ್ನುತ್ತದೆ. ಸಾಕೆಟ್ಟಿಗೂ ಯಂತ್ರಕ್ಕೂ ನಡುವೆ 25 ಸೆಂಟಿಮೀಟರ್ ಉದ್ದದ ತೆಳ್ಳನೆಯ ಎಕ್ಸ್‌ಟೆನ್ಷನ್ ಸರಳು ಹಾಕಿದರೆ ಅದು ಪ್ರತಿ ಪೆಟ್ಟಿಗೂ ತಿರುಚಿಕೊಂಡು ಮತ್ತೆ ನೇರವಾಗುತ್ತದೆ. ಸ್ಪ್ರಿಂಗಿನಂತೆ ಪೆಟ್ಟನ್ನು ತಾನೇ ನುಂಗುತ್ತದೆ. ಬಾಗುವ ಜಾಯಿಂಟ್ ಹಾಕಿದರೆ ಇನ್ನಷ್ಟು ನಷ್ಟ. ದೊಡ್ಡ ಚೌಕದಿಂದ ಸಣ್ಣ ಚೌಕಕ್ಕೆ ಇಳಿಸುವ ಅಡಾಪ್ಟರ್, ನಟ್ಟಿಗೆ ಸಡಿಲವಾಗಿ ಕೂರುವ ಸಾಕೆಟ್ ಎಲ್ಲವೂ ಒಂದಿಷ್ಟು ಕಿತ್ತುಕೊಳ್ಳುತ್ತವೆ. ಪೆಟ್ಟಿಗೆಯ ಮೇಲೆ 600 ಎಂದಿರುವ ಯಂತ್ರಕ್ಕೆ ಇವನ್ನೆಲ್ಲ ಜೋಡಿಸಿ 200ರ ಬೋಲ್ಟಿನ ಮುಂದೆ ಅದು ಸೋತು ನಿಲ್ಲುವುದನ್ನು ನೋಡಿದಾಗ, ಯಂತ್ರವೇ ಕೆಟ್ಟದ್ದು ಎನಿಸುತ್ತದೆ. ಎಕ್ಸ್‌ಟೆನ್ಷನ್ ತೆಗೆದು, ಆಳವಾದ ಸಾಕೆಟ್ ನೇರವಾಗಿ ಸಿಕ್ಕಿಸಿ ಇನ್ನೊಮ್ಮೆ ನೋಡಿ. ಹಲವು ಬಾರಿ ಅಷ್ಟೇ ಸಾಕಾಗುತ್ತದೆ. ಇದರ ತಿರುಗುಮುರುಗಿನ ಉದಾಹರಣೆಯೂ ಇದೆ: ಎಂಜಿನ್ನಿನ ತುದಿಯ ಗಾಲಿಯಾದ ಕ್ರ್ಯಾಂಕ್ ಪುಲ್ಲಿಯ ಮೊಂಡು ಬೋಲ್ಟುಗಳಿಗೆಂದೇ ದಪ್ಪನೆಯ ಉಕ್ಕಿನ ಉಂಗುರವಿರುವ ಭಾರದ ಸಾಕೆಟ್‌ಗಳು ಸಿಗುತ್ತವೆ. ಆ ಉಂಗುರದ ತೂಕ ಪೆಟ್ಟಿನ ಕಸುವನ್ನು ಹೆಚ್ಚಿಸುತ್ತದೆ.

ಪೆಟ್ಟಿಗೆಯ ಅಂಕಿಯಲ್ಲೇ ಎರಡು ಬಗೆ ಇರುತ್ತದೆ ಎಂಬುದನ್ನೂ ಗಮನಿಸಬೇಕು. ಒಂದು ಬಿಗಿಯುವ ಟಾರ್ಕ್, ಇನ್ನೊಂದು ಬಿಚ್ಚುವ ಟಾರ್ಕ್. ಬಿಚ್ಚುವ ಅಂಕಿ ಸಾಮಾನ್ಯವಾಗಿ ದೊಡ್ಡದು, ಅದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಒಂದು ಯಂತ್ರದ ಬಿಗಿಯುವ ಅಂಕಿಯನ್ನು ಇನ್ನೊಂದರ ಬಿಚ್ಚುವ ಅಂಕಿಯೊಂದಿಗೆ ಹೋಲಿಸಬೇಡಿ. ಕೆಲವರು ಅಡಿ-ಪೌಂಡ್ ಲೆಕ್ಕದಲ್ಲಿ ಕೊಡುತ್ತಾರೆ, ಅದನ್ನು 1.356ರಿಂದ ಗುಣಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ. 400 ಅಡಿ-ಪೌಂಡ್ ಎಂದರೆ ಸುಮಾರು 542 ನ್ಯೂಟನ್ ಮೀಟರ್.

ಯಾವ ಬೋಲ್ಟು ಬಿಚ್ಚುತ್ತೀರಿ?

ಯಂತ್ರವನ್ನು ಆರಿಸುವ ಮುನ್ನ ಮನೆಯಲ್ಲಿ ನೀವು ನಿಜಕ್ಕೂ ಮಾಡುವ ಕೆಲಸ ಯಾವುದು ಎಂದು ಕೇಳಿಕೊಳ್ಳಿ. ಚಕ್ರ ಬಿಚ್ಚಿ ಹಾಕುವುದು, ಬ್ರೇಕ್ ಪ್ಯಾಡ್ ಬದಲಿಸುವುದು, ಡಿಸ್ಕ್ ತೆಗೆಯುವುದು, ಸಸ್ಪೆನ್ಷನ್ನಿನ ಒಂದೆರಡು ಬೋಲ್ಟು. ಚಕ್ರದ ನಟ್ಟುಗಳ ಲೆಕ್ಕ ಆಗಲೇ ನೋಡಿದೆವು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಬ್ರೇಕ್ ಕ್ಯಾಲಿಪರ್ ಹೊತ್ತ ಬ್ರ್ಯಾಕೆಟ್‌ನ ಬೋಲ್ಟುಗಳು ಸುಮಾರು 100ರ ಆಸುಪಾಸಿನವು. ಆಕ್ಸಲ್ ತುದಿಯ ದೊಡ್ಡ ನಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟು 200ನ್ನು ದಾಟುವುದು ಸಾಮಾನ್ಯ. ತುಕ್ಕು ಹಿಡಿದರೆ ಬಿಚ್ಚಲು ಬೇಕಾಗುವ ಬಲ ಬಿಗಿದ ಬಲಕ್ಕಿಂತ ಎಷ್ಟೋ ಪಾಲು ಹೆಚ್ಚಾಗಬಹುದು.

ಅರ್ಧ ಇಂಚಿನ, ಅಂದರೆ 12.7 ಮಿಲಿಮೀಟರಿನ ಚೌಕವಿರುವ, ಬಿಚ್ಚುವ ಟಾರ್ಕ್ 400ರಿಂದ 700 ಇರುವ ಮಧ್ಯಮ ಗಾತ್ರದ 18 ವೋಲ್ಟ್ ಯಂತ್ರ ಮನೆಯ ಕೆಲಸಕ್ಕೆ ಸರಿಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾವಿರ ದಾಟಿದ ಯಂತ್ರಗಳು ಲಾರಿ, ಟ್ರ್ಯಾಕ್ಟರ್ ಕೆಲಸದವರಿಗೆ ಬೇಕು. ಬ್ಯಾಟರಿ ಸೇರಿ 3 ಕಿಲೋ ಮೀರುವ ಅಂಥದ್ದನ್ನು ಹಿಡಿದು, ನೆಲದ ಮೇಲೆ ಮಲಗಿ, ಚಕ್ರದ ಗೂಡಿನೊಳಗೆ ಕೈ ಚಾಚಿ ಕೆಲಸ ಮಾಡಿ ನೋಡಿದರೆ ಗೊತ್ತಾಗುತ್ತದೆ. ಐದೇ ನಿಮಿಷಕ್ಕೆ ಭುಜ ಹಿಡಿದುಕೊಳ್ಳುತ್ತದೆ, ಸಾಕೆಟ್ ಓರೆಯಾಗುತ್ತದೆ, ನಟ್ಟಿನ ಮೂಲೆ ಉಜ್ಜಿಹೋಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದ ಹಾಗೆ. ಮೂರು ಎಂಟನೇ ಇಂಚಿನ ಸಣ್ಣ 12 ವೋಲ್ಟ್ ಯಂತ್ರ ಕೈಗೆ ಹಗುರ, ಇಕ್ಕಟ್ಟಿನಲ್ಲಿ ಸಲೀಸು. ಆದರೆ ಮೊಂಡು ಹಿಡಿದ ಚಕ್ರದ ನಟ್ಟಿನ ಮುಂದೆ ಅದರ ಭರವಸೆ ಇಟ್ಟುಕೊಳ್ಳಲಾಗದು.

ಟಾರ್ಕ್‌ನಷ್ಟೇ ಮುಖ್ಯವಾದ, ಆದರೆ ಯಾರೂ ಕೇಳದ ಅಳತೆ ಒಂದಿದೆ: ಯಂತ್ರದ ತಲೆಯ ಉದ್ದ. ಮೂತಿಯಿಂದ ಬೆನ್ನಿನವರೆಗೆ 15 ಸೆಂಟಿಮೀಟರ್, ಅದಕ್ಕೆ ಸಾಕೆಟ್ಟಿನ 4ರಿಂದ 8 ಸೆಂಟಿಮೀಟರ್ ಸೇರಿಸಿ. ಇಷ್ಟು ಜಾಗ ಕ್ಯಾಲಿಪರ್‌ನ ಹಿಂದೆ, ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದ ಮೇಲೂ, ನಿಮ್ಮ ಕಾರಿನಲ್ಲಿ ಇದೆಯೇ? ಒಮ್ಮೆ ಟೇಪು ಹಿಡಿದು ಅಳೆದು ನೋಡಿ. ಜಾಗಕ್ಕೆ ಹೋಗದ ಯಂತ್ರದ ಟಾರ್ಕ್ ಸೊನ್ನೆ.

ಇನ್ನು ಬ್ಯಾಟರಿ. ಇಲ್ಲಿ ಗೊಂದಲ ಹೆಚ್ಚು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಲಿಥಿಯಂ ಸೆಲ್ಲಿನ ಸರಾಸರಿ ವೋಲ್ಟೇಜ್ 3.6. ಐದನ್ನು ಸಾಲಾಗಿ ಜೋಡಿಸಿದರೆ 18. ಪೂರ್ತಿ ಚಾರ್ಜ್ ಆದಾಗ ಅದೇ ಐದು ಸೆಲ್ಲುಗಳು 20 ದಾಟುತ್ತವೆ. ಹೀಗಾಗಿ ಒಬ್ಬರು 18 ವೋಲ್ಟ್ ಎಂದರೆ ಇನ್ನೊಬ್ಬರು 20 ವೋಲ್ಟ್ ಎನ್ನುತ್ತಾರೆ, ಎರಡೂ ಒಂದೇ. ಆದರೆ ಅಂಗೈಯಗಲದ ಪ್ಯಾಕಿನ ಮೇಲೆ 88, 188, 388 ಎಂಬ ಅಂಕಿಗಳನ್ನು ಅಚ್ಚು ಹಾಕಿ ಮಾರುವ ಯಂತ್ರಗಳಿವೆ. ಅವನ್ನು ದೂರವಿಡಿ. ನಿಜವಾದ 100 ವೋಲ್ಟ್ ಬೇಕಾದರೆ 28 ಸೆಲ್ಲುಗಳನ್ನು ಸಾಲಾಗಿ ಜೋಡಿಸಬೇಕು, ಆ ಪುಟ್ಟ ಡಬ್ಬಿಯಲ್ಲಿ ಅಷ್ಟು ಹಿಡಿಯುವುದೇ ಇಲ್ಲ. ಬ್ಯಾಟರಿಯ ಮೇಲೆ ಸುಳ್ಳು ಬರೆಯುವವರು ಟಾರ್ಕ್ ವಿಷಯದಲ್ಲಿ ನಿಜ ಬರೆದಿರುತ್ತಾರೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಆಂಪಿಯರ್-ಅವರ್ ಅಂಕಿ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ಹೇಳುತ್ತದೆ ಎಂದು ಎಲ್ಲರಿಗೂ ಗೊತ್ತು. ಮನೆಯ ಕೆಲಸದಲ್ಲಿ ಅದು ದೊಡ್ಡ ಮಾತಲ್ಲ. ನಾಲ್ಕು ಚಕ್ರಕ್ಕೆ ಒಟ್ಟು 16ರಿಂದ 20 ನಟ್ಟು, ಒಂದಕ್ಕೆ ಕೆಲವೇ ಸೆಕೆಂಡು; ಸಣ್ಣ ಬ್ಯಾಟರಿಯೂ ಸಾಕು. ಆದರೂ 4 ಅಥವಾ 5 ಆಂಪಿಯರ್-ಅವರ್ ಪ್ಯಾಕನ್ನೇ ತೆಗೆದುಕೊಳ್ಳಿ ಎಂದು ಹೇಳುತ್ತೇನೆ, ಅದಕ್ಕೆ ಕಾರಣ ಬೇರೆ. ನಟ್ಟು ಜಾಮ್ ಆದಾಗ ಮೋಟಾರು ಒಮ್ಮೆಲೇ ಬಹಳ ಕರೆಂಟ್ ಕೇಳುತ್ತದೆ. 2 ಆಂಪಿಯರ್-ಅವರ್ ಪ್ಯಾಕಿನಲ್ಲಿ ಸಾಮಾನ್ಯವಾಗಿ ಐದೇ ಸೆಲ್ಲು, ಒಂದೇ ಸಾಲು. 5 ಆಂಪಿಯರ್-ಅವರ್ ಪ್ಯಾಕಿನಲ್ಲಿ ಬಹುಮಟ್ಟಿಗೆ ಹತ್ತು ಸೆಲ್ಲು, ಎರಡು ಸಾಲು. ಹೊರೆ ಎರಡೂ ಸಾಲುಗಳಿಗೆ ಹಂಚಿಹೋಗುತ್ತದೆ. ಟ್ಯಾಂಕಿನ ನೀರಿನ ಮಾತಲ್ಲ ಇದು, ನಲ್ಲಿಯ ಅಗಲದ ಮಾತು. ಅದೇ ಯಂತ್ರಕ್ಕೆ ಸಣ್ಣ ಪ್ಯಾಕ್ ಹಾಕಿ ಒಮ್ಮೆ, ದೊಡ್ಡದನ್ನು ಹಾಕಿ ಒಮ್ಮೆ ಗಟ್ಟಿ ನಟ್ಟಿನ ಮೇಲೆ ಹಿಡಿದರೆ ಪೆಟ್ಟಿನ ಸದ್ದಿನಲ್ಲೇ ವ್ಯತ್ಯಾಸ ಕೇಳಿಸುತ್ತದೆ.

ಮನೆಯಲ್ಲಿ ಈಗಾಗಲೇ ಒಂದು ಒಳ್ಳೆಯ ಕಂಪನಿಯ 18 ವೋಲ್ಟ್ ಡ್ರಿಲ್ ಇದ್ದರೆ ಅದೇ ಕಂಪನಿಯ ರೆಂಚನ್ನು ಬ್ಯಾಟರಿಯಿಲ್ಲದೆ ಕೊಳ್ಳುವುದು ಜಾಣತನ. ಇಂಥ ಯಂತ್ರಗಳಲ್ಲಿ ದುಬಾರಿ ಬೀಳುವುದು ಬ್ಯಾಟರಿಯೇ. ಒಂದು ಕಂಪನಿಯ ಪ್ಯಾಕನ್ನು ಇನ್ನೊಂದರ ಯಂತ್ರಕ್ಕೆ ಕೂರಿಸುವ ಅಡಾಪ್ಟರ್‌ಗಳನ್ನು ನಾನು ಬಳಸುವುದಿಲ್ಲ. ಪ್ಯಾಕ್ ತೀರಾ ಖಾಲಿಯಾಗದಂತೆ, ಅತಿಯಾಗಿ ಬಿಸಿಯಾಗದಂತೆ ತಡೆಯುವ ಏರ್ಪಾಡು ಅಲ್ಲಿ ಕೆಲಸ ಮಾಡದೇ ಹೋಗಬಹುದು. ತಿಂಗಳುಗಟ್ಟಲೆ ಬಳಸದಿದ್ದರೆ ಪ್ಯಾಕನ್ನು ಅರ್ಧದಷ್ಟು ಚಾರ್ಜ್ ಇರುವಂತೆ, ತಂಪಾದ ಕಡೆ ಇಡಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಅದಕ್ಕೆ ತಕ್ಕ ಜಾಗವಲ್ಲ.

ಮೋಟಾರು ಬ್ರಷ್‌ಲೆಸ್ ಆಗಿರಲಿ. ಸವೆಯುವ ಕಾರ್ಬನ್ ಬ್ರಷ್ ಇಲ್ಲ, ಅದೇ ಚಾರ್ಜಿಗೆ ಹೆಚ್ಚು ಕೆಲಸ, ಗಾತ್ರವೂ ಚಿಕ್ಕದು. ಟ್ರಿಗ್ಗರ್ ಒತ್ತಿದಷ್ಟಕ್ಕೆ ತಕ್ಕಂತೆ ವೇಗ ಬದಲಾಗಬೇಕು. ಎರಡು ಮೂರು ಬಲದ ಹಂತಗಳಿದ್ದರೆ ಒಳ್ಳೆಯದು. ನಟ್ಟು ಸಡಿಲವಾದ ಕೂಡಲೇ ತಾನಾಗಿ ನಿಲ್ಲುವ ಸೌಲಭ್ಯ ಕೆಲವದರಲ್ಲಿ ಇದೆ. ನಟ್ಟು ಹಾರಿಹೋಗಿ ಕಾರಿನಡಿ ಉರುಳುವುದು ತಪ್ಪುತ್ತದೆ. ಸಾಕೆಟ್ ಹಿಡಿದುಕೊಳ್ಳಲು ಚೌಕದ ತುದಿಯಲ್ಲಿ ಉಂಗುರವಿರುವ ಬಗೆ, ಪಿನ್ ಇರುವ ಬಗೆ ಎಂದು ಎರಡಿವೆ. ಆಗಾಗ ಸಾಕೆಟ್ ಬದಲಿಸುವ ಮನೆಯವರಿಗೆ ಉಂಗುರದ್ದೇ ಅನುಕೂಲ.

ಸಾಕೆಟ್ ವಿಷಯದಲ್ಲಿ ಮಾತ್ರ ಉಳಿತಾಯದ ಯೋಚನೆ ಬೇಡ. ಕೈಪಾನಾದ ಜೊತೆ ಬರುವ ಹೊಳೆಯುವ ಸಾಕೆಟ್‌ಗಳು ಕ್ರೋಮ್ ವನೇಡಿಯಂ ಉಕ್ಕಿನವು. ನಿಧಾನವಾದ ಬಲಕ್ಕೆ ಅವು ಗಟ್ಟಿ, ಆದರೆ ಸೆಕೆಂಡಿಗೆ 50 ಪೆಟ್ಟು ಬಿದ್ದರೆ ಬಿರುಕು ಬಿಟ್ಟು ಚೂರಾಗಿ ಮುಖಕ್ಕೆ ಸಿಡಿಯಬಹುದು. ಇಂಪ್ಯಾಕ್ಟ್ ಸಾಕೆಟ್‌ಗಳು ಸಾಮಾನ್ಯವಾಗಿ ಕ್ರೋಮ್ ಮಾಲಿಬ್ಡಿನಂ ಉಕ್ಕಿನವು, ಗೋಡೆ ದಪ್ಪ, ಬಣ್ಣ ಕಪ್ಪು. ಪೆಟ್ಟು ಬಿದ್ದಾಗ ಒಡೆಯುವ ಬದಲು ತುಸು ಬಳುಕಿ ತಡೆದುಕೊಳ್ಳುತ್ತವೆ. ಒಳಗೆ ಆರು ಮೂಲೆಯವೇ ಬೇಕು, ಹನ್ನೆರಡು ಮೂಲೆಯವು ನಟ್ಟಿನ ತಲೆಯನ್ನು ಸವೆಸುತ್ತವೆ. ಕಾರಿನ ಚಕ್ರಗಳಿಗೆ 17, 19, 21 ಮಿಲಿಮೀಟರಿನ ಆಳದ ಸಾಕೆಟ್‌ಗಳು ಬಹುಪಾಲು ಸಾಕಾಗುತ್ತವೆ. ಅಲಾಯ್ ಚಕ್ರವಾದರೆ ತೆಳುಗೋಡೆಯ, ಹೊರಗೆ ಪ್ಲಾಸ್ಟಿಕ್ ಕವಚವಿರುವ ಇಂಪ್ಯಾಕ್ಟ್ ಸಾಕೆಟ್ ತನ್ನಿ, ಗೀರು ಬೀಳುವುದಿಲ್ಲ. ಕಳ್ಳರ ಭಯಕ್ಕೆ ಹಾಕಿರುವ ಲಾಕ್ ನಟ್ಟನ್ನು ಮಾತ್ರ ಕೈಯಲ್ಲೇ ಬಿಚ್ಚಿ. ಅದರ ಕೀಲಿ ಪೆಟ್ಟು ತಾಳುವಂಥದ್ದಲ್ಲ.

ಬಿಚ್ಚಲು ಯಂತ್ರ, ಬಿಗಿಯಲು ಕೈ

ಎಂಥ ಒಳ್ಳೆಯ ರೆಂಚ್ ಕೊಂಡರೂ ಅದರ ಜೊತೆ ಒಂದು ಟಾರ್ಕ್ ರೆಂಚ್, ಅಂದರೆ ಎಷ್ಟು ಟಾರ್ಕ್ ಹಾಕುತ್ತಿದ್ದೀರಿ ಎಂದು ತಿಳಿಸುವ ಕೈಪಾನಾ, ಕೊಳ್ಳದಿದ್ದರೆ ಅರ್ಧ ಕೆಲಸ ಮಾತ್ರ ಮಾಡಿದಂತೆ. ಹಣ ಒಂದಕ್ಕೇ ಸಾಲುವುದಾದರೆ ಮೊದಲು ಟಾರ್ಕ್ ರೆಂಚ್, ಅದರ ಜೊತೆ ಉದ್ದ ಹಿಡಿಕೆಯ ಬ್ರೇಕರ್ ಬಾರ್ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ.

ನಟ್ಟನ್ನು ಬಿಗಿಯುವಾಗ ನಾವು ನಿಜವಾಗಿ ಮಾಡುವುದು ಸ್ಟಡ್ಡನ್ನು ರಬ್ಬರಿನಂತೆ ಕೂದಲೆಳೆಯಷ್ಟು ಎಳೆಯುವುದು. ಆ ಎಳೆತವೇ ಚಕ್ರವನ್ನು ಹಿಡಿದಿಡುತ್ತದೆ. ಹಾಕಿದ ಟಾರ್ಕ್‌ನಲ್ಲಿ ಸರಿಸುಮಾರು ಹತ್ತನೇ ಒಂದು ಭಾಗ ಮಾತ್ರ ಈ ಎಳೆತಕ್ಕೆ ಹೋಗುತ್ತದೆ, ಉಳಿದದ್ದನ್ನು ನಟ್ಟಿನ ಮುಖದ ಮತ್ತು ಥ್ರೆಡ್‌ಗಳ ಘರ್ಷಣೆ ತಿನ್ನುತ್ತದೆ. ಅದಕ್ಕೇ ಸ್ಟಡ್ಡಿಗೆ ಎಣ್ಣೆ ಸವರುವುದು ಅಪಾಯ: ಘರ್ಷಣೆ ಇಳಿದು, ಅದೇ ಟಾರ್ಕ್‌ಗೆ ಎಳೆತ ವಿಪರೀತವಾಗುತ್ತದೆ. ಇಂಪ್ಯಾಕ್ಟ್ ರೆಂಚಿಗೆ ಈ ಸೂಕ್ಷ್ಮ ತಿಳಿಯದು. ಟ್ರಿಗ್ಗರ್ ಎರಡು ಸೆಕೆಂಡು ಹೆಚ್ಚು ಒತ್ತಿದರೆ 100 ಬೇಕಾದ ಕಡೆ 300 ಬಿದ್ದಿರುತ್ತದೆ. ಸ್ಟಡ್ ಎಳೆದು ಸೊರಗುತ್ತದೆ. ಒಂದು ನಟ್ಟು ಅತಿ ಬಿಗಿ, ಪಕ್ಕದ್ದು ಕಡಿಮೆ ಬಿಗಿ ಆದರೆ ಬ್ರೇಕ್ ಡಿಸ್ಕ್ ಓರೆಯಾಗಿ ಕೂತು, ಕೆಲವು ಸಾವಿರ ಕಿಲೋಮೀಟರ್ ಕಳೆದ ಮೇಲೆ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಅದುರತೊಡಗುತ್ತದೆ.

ನಾನು ಪಾಲಿಸುವ ಕ್ರಮ ಇದು. ಪ್ರತಿ ನಟ್ಟನ್ನೂ ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸುತ್ತೇನೆ, ಥ್ರೆಡ್ ಅಡ್ಡ ಹಿಡಿದರೆ ಬೆರಳಿಗೆ ಗೊತ್ತಾಗುತ್ತದೆ. ಬೇಕೆನಿಸಿದರೆ ಅತಿ ಕಡಿಮೆ ಹಂತದಲ್ಲಿ ಯಂತ್ರ ಹಿಡಿದು, ಟರ್ ಎಂಬ ಮೊದಲ ಪೆಟ್ಟು ಕೇಳಿದ ಕೂಡಲೇ ನಿಲ್ಲಿಸುತ್ತೇನೆ. ಆಮೇಲೆ ಟೈರು ನೆಲ ಮುಟ್ಟುವಷ್ಟು ಕಾರನ್ನು ಇಳಿಸಿ, ಎದುರುಬದುರು ನಟ್ಟುಗಳ ಸರದಿಯಲ್ಲಿ ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದ ಅಂಕಿಗೆ ತರುತ್ತೇನೆ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡುತ್ತೇನೆ. ಸ್ಪಾರ್ಕ್ ಪ್ಲಗ್, ಎಂಜಿನ್ ಆಯಿಲ್ ಇಳಿಸುವ ಬೋಲ್ಟು, ಅಲ್ಯೂಮಿನಿಯಂ ಒಳಗೆ ಕೂತ ಸಣ್ಣ ಬೋಲ್ಟುಗಳ ಹತ್ತಿರ ಈ ಯಂತ್ರ ಸುಳಿಯಲೇಬಾರದು. 10 ನ್ಯೂಟನ್ ಮೀಟರ್ ಬೇಕಾದ ಬೋಲ್ಟನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಕತ್ತರಿಸಿಬಿಡುತ್ತದೆ.

ಬಿಚ್ಚುವಾಗಲೂ ತಾಳ್ಮೆ ಬೇಕು. ಐದಾರು ಸೆಕೆಂಡು ಬಡಿದರೂ ಕದಲದಿದ್ದರೆ ನಿಲ್ಲಿಸಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಡಿ, ಒಂದೆರಡು ಪೆಟ್ಟು ಬಿಗಿಯುವ ಕಡೆಗೆ, ಮತ್ತೆ ಬಿಚ್ಚುವ ಕಡೆಗೆ ಕೊಡಿ. ಅದು ಚಕ್ರದ ಸ್ಟಡ್ಡಾದರೆ ಮತ್ತೆ ಹಾಕುವ ಮುನ್ನ ಎಣ್ಣೆಯನ್ನು ಚೆನ್ನಾಗಿ ಒರೆಸಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲೇಬೇಕು. ಈ ಬಡಿತದ ಸದ್ದು 100 ಡೆಸಿಬೆಲ್ ಮುಟ್ಟುವುದು ಸಾಮಾನ್ಯ, ಚಕ್ರದ ಗೂಡಿನಲ್ಲಿ ಅದು ಇನ್ನೂ ಮೊಳಗುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನಲ್ಲಿ ಬಡಿಯಬೇಡಿ, ಕೆಳಗೆ ಸ್ಟ್ಯಾಂಡ್ ಕೊಡಿ.

ಯಂತ್ರ ಮನೆಗೆ ಬಂದ ಮೊದಲ ಬಿಡುವಿನ ದಿನ ಒಂದು ಕೆಲಸ ಮಾಡಿ. ನಾಲ್ಕೂ ಚಕ್ರಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ತಂತಿ ಬ್ರಷ್ಷಿನಿಂದ ಥ್ರೆಡ್ ಉಜ್ಜಿ, ಟಾರ್ಕ್ ರೆಂಚಿನಿಂದ ಸರಿಯಾಗಿ ಬಿಗಿಯಿರಿ. ಬಳಿಕ ಡಿಕ್ಕಿಯಲ್ಲಿರುವ ಎಲ್ ಆಕಾರದ ಪಾನಾವನ್ನು ತೆಗೆದು ಒಂದು ನಟ್ಟನ್ನು ಕೈಯಲ್ಲೇ ಬಿಚ್ಚಿ, ಮತ್ತೆ ಬಿಗಿದು ನೋಡಿ. ಪಂಕ್ಚರ್ ಆಗುವುದು ದಾರಿಯಲ್ಲಿ, ಇಂಪ್ಯಾಕ್ಟ್ ರೆಂಚ್ ಇರುವುದು ಮನೆಯಲ್ಲಿ. ಅಲ್ಲಿ ನಿಮ್ಮ ಕೈಯಲ್ಲಿರುವುದು ಆ ಪಾನಾ ಮಾತ್ರ.